2011ರ ಇಟಲಿ ಕಾರ್ಬನ್ ಫ್ರೇಮ್ ಕೈಗೆ ಸಿಗುತ್ತಿದೆ, ತಗೊಳ್ಳಲಾ?

ಓದುಗರ ಪ್ರಶ್ನೆ: ಸರ್, ನನಗೆ 46 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಆರು ವರ್ಷದಿಂದ ಅಲ್ಯೂಮಿನಿಯಂ ರೋಡ್ ಬೈಕ್ ಓಡಿಸುತ್ತಿದ್ದೇನೆ, ಭಾನುವಾರ ತಪ್ಪದೆ ಚಾಮುಂಡಿ ಬೆಟ್ಟ. ಮ್ಯೂನಿಕ್‌ನಲ್ಲಿರುವ ನನ್ನ ಭಾವಮೈದ ಇಟಲಿಯ ಕೊಲ್ನಾಗೊ ಕಂಪನಿಯ ತನ್ನ ಸಿ59 ಕಾರ್ಬನ್ ಫ್ರೇಮನ್ನು, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಸಮೇತ, ಒಂದೂವರೆ ಲಕ್ಷಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾನೆ. 2011ರಲ್ಲಿ ಹೊಸದಾಗಿ ಕೊಂಡದ್ದು. ಒಂದು ಸಲ ಬಿದ್ದಿದ್ದಾನಂತೆ, ಏನೂ ಆಗಿಲ್ಲವಂತೆ. ನಮ್ಮ ರೈಡ್ ಗುಂಪಿನಲ್ಲಿ ಮಾತ್ರ ಎಲ್ಲರೂ ಬೇಡ ಅನ್ನುತ್ತಾರೆ. ಕಾರ್ಬನ್‌ಗೆ ಐದಾರು ವರ್ಷವೇ ಆಯಸ್ಸು, ಆಮೇಲೆ ಓಡಿಸುತ್ತಿರುವಾಗಲೇ ಮುರಿಯುತ್ತೆ ಅಂತ ಒಬ್ಬರು. ಇಟಲಿ ಸೈಕಲ್ ಎಲ್ಲಾ ತೈವಾನ್, ಚೀನಾದಲ್ಲೇ ಆಗೋದು, ಹೆಸರಿಗೆ ದುಡ್ಡು ಕೊಡ್ತೀಯ ಅಂತ ಇನ್ನೊಬ್ಬರು. ಕೊಳವೆಗಳನ್ನು ಅಂಟಿಸಿ ಮಾಡೋದು ಹಳೇ ಕಾಲದ್ದು, ಅದೇ ದುಡ್ಡಿಗೆ ಹೊಸ ಡಿಸ್ಕ್ ಬ್ರೇಕ್ ಸೈಕಲ್ ಬರುತ್ತೆ ಅಂತ ಮತ್ತೊಬ್ಬರು. ನನಗೋ ಆ ಕಳಾವರ್ ಎಕ್ಕದ ಗುರುತಿನ ಸೈಕಲ್ ಮೇಲೆ ಮೊದಲಿನಿಂದ ಆಸೆ. ಏನು ಮಾಡಲಿ?

ಉತ್ತರ: ನಿಮ್ಮ ಗೆಳೆಯರ ಮಾತಿಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಬರೆದು ಹಾಗೇ ದಾಟಿಹೋದ ಒಂದು ಸಾಲು. ‘ಒಂದು ಸಲ ಬಿದ್ದಿದ್ದಾನಂತೆ.’ ಬೆಂಗಳೂರಿನಲ್ಲಿ ಕಾರ್ಬನ್ ಫ್ರೇಮ್ ರಿಪೇರಿ ಮಾಡುತ್ತಾ ನನಗೆ ಹದಿನೈದು ವರ್ಷ ದಾಟಿದೆ. ಮೇಜಿನ ಮೇಲೆ ಬಂದ ಫ್ರೇಮ್ ಯಾವ ವರ್ಷದ್ದು ಅಂತ ನಾನು ಕೇಳುವುದು ಕೊನೆಗೆ. ಯಾವಾಗ ಬಿತ್ತು, ಯಾವ ಕಡೆಗೆ ಬಿತ್ತು, ಅದನ್ನು ಮೊದಲು ಕೇಳುತ್ತೇನೆ. ಅಲ್ಲಿಗೆ ಬರುತ್ತೇನೆ. ಮೊದಲು ಆ ಆಯಸ್ಸಿನ ಮಾತು ಮುಗಿಸಿಬಿಡೋಣ.

ಈ ಎಕ್ಸ್‌ಪೈರಿ ಕಥೆ ಎಲ್ಲಿಂದ ಹುಟ್ಟಿತು ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ಫ್ರೇಮ್ ಮಾಡುವ ಕಾರ್ಬನ್, ಕಾರ್ಖಾನೆಗೆ ಬಟ್ಟೆಯ ಥಾನಿನ ಹಾಗೆ ಸುರುಳಿಯಲ್ಲಿ ಬರುತ್ತದೆ. ಅದಕ್ಕೆ ಎಪಾಕ್ಸಿ ಅಂಟು ಮೊದಲೇ ಹಚ್ಚಿರುತ್ತಾರೆ. ಇದಕ್ಕೆ ಪ್ರಿಪ್ರೆಗ್ ಅನ್ನುತ್ತಾರೆ. ಇದನ್ನು ಸುಮಾರು ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಇಡಬೇಕು. ಹೊರಗೆ ಇಟ್ಟರೆ ಕೆಲವು ವಾರಗಳಲ್ಲಿ ಅಂಟು ತಾನಾಗಿ ಗಟ್ಟಿಯಾಗುತ್ತಾ ಹೋಗಿ ಕೆಲಸಕ್ಕೆ ಬಾರದೇ ಹೋಗುತ್ತದೆ. ಹಾಗಾಗಿ ಸುರುಳಿಯ ಮೇಲೆ ನಿಜವಾಗಿಯೂ ಎಕ್ಸ್‌ಪೈರಿ ತಾರೀಕು ಇರುತ್ತದೆ! ಆದರೆ ಅದು ಹಿಟ್ಟಿನ ತಾರೀಕು, ರೊಟ್ಟಿಯದ್ದಲ್ಲ. ಅಚ್ಚಿನಲ್ಲಿಟ್ಟು ಬಿಸಿ ಮಾಡಿ ಗಟ್ಟಿಯಾದ ಮೇಲೆ ಆ ಲೆಕ್ಕ ಮುಗಿಯಿತು. ಅದರ ಜೊತೆಗೆ ಕಂಪನಿಗಳ ವಾರಂಟಿ ಅವಧಿಯನ್ನೂ ಜನ ಆಯಸ್ಸು ಅಂದುಕೊಂಡರು.

ಲೋಹಕ್ಕೆ ದಣಿವು ಅಂತ ಒಂದಿದೆ. ಅಲ್ಯೂಮಿನಿಯಂ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಕೊನೆಗೆ ಪಟ್ ಅಂತ ತುಂಡಾಗುತ್ತದಲ್ಲ, ಅದೇ. ನೀವು ಈಗ ಓಡಿಸುತ್ತಿರುವ ಅಲ್ಯೂಮಿನಿಯಂ ಫ್ರೇಮಿಗೆ ಆ ಲೆಕ್ಕ ಸಿ59ಗಿಂತ ಜಾಸ್ತಿ ಅನ್ವಯಿಸುತ್ತದೆ. ಚೆನ್ನಾಗಿ ಮಾಡಿದ ಕಾರ್ಬನ್, ಸವಾರಿಯ ಮಾಮೂಲಿ ಒತ್ತಡವನ್ನು ಲಕ್ಷಾಂತರ ಸಲ ತಡೆದುಕೊಳ್ಳುತ್ತದೆ. ಅದು ಸೋಲುವುದು ಏಟಿಗೆ. ಪದರ ಪದರವಾಗಿ ಕೂಡಿಸಿದ್ದು ತಾನೆ, ಒಂದು ಕಡೆ ಜೋರಾಗಿ ತಗುಲಿದರೆ ಒಳಗೆ ಪದರ ಬಿಟ್ಟುಕೊಳ್ಳುತ್ತದೆ. ಹೊರಗೆ ಬಣ್ಣ ನೆಟ್ಟಗೇ ಇರಬಹುದು. ಬಿಸಿಲಿನ ಬಗ್ಗೆಯೂ ಕೇಳುತ್ತಾರೆ. ಬಿಸಿಲು ಎಪಾಕ್ಸಿಗೆ ಒಳ್ಳೆಯದಲ್ಲ ನಿಜ. ಆದರೆ ಮೇಲಿನ ಬಣ್ಣ ಮತ್ತು ವಾರ್ನಿಷ್ ಇರುವುದೇ ಅದಕ್ಕೆ. ಬಣ್ಣ ಎದ್ದಿದ್ದರೆ ಮುಚ್ಚಿಸಿ, ಸಾಕು.

ಹಾಗಾದರೆ ಹಳೆಯ ಫ್ರೇಮಿನಲ್ಲಿ ಏನೂ ಹಾಳಾಗುವುದಿಲ್ಲವಾ? ಆಗುತ್ತದೆ. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡು, ನಡುವೆ ಉಪ್ಪು ನೀರು ಸೇರಿದರೆ, ಬ್ಯಾಟರಿಯೊಳಗೆ ಆಗುವಂಥದ್ದೇ ಅಲ್ಲೂ ಶುರುವಾಗುತ್ತದೆ. ಕಾರ್ಬನ್‌ಗೆ ಏನೂ ಆಗದು, ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬಿಳಿ ಪುಡಿ ಬರುತ್ತದೆ, ಉಬ್ಬುತ್ತದೆ, ಸೀಟಿನ ಕೆಳಗಿನ ಕಂಬಿ, ಅಂದರೆ ಸೀಟ್‌ಪೋಸ್ಟ್, ಒಳಗೇ ಕಚ್ಚಿಕೊಳ್ಳುತ್ತದೆ. ಪೆಡಲ್ ತಿರುಗುವ ಜಾಗವಾದ ಬಾಟಮ್ ಬ್ರಾಕೆಟ್ಟಿನಲ್ಲಿ ಅಂಟಿಸಿದ ಅಲ್ಯೂಮಿನಿಯಂ ಬಳೆ ಸಡಿಲವಾಗಿ, ಪೆಡಲ್ ತುಳಿದಾಗ ಕಟಕಟ ಸದ್ದು ಬರುತ್ತದೆ. ಒಳ್ಳೆಯ ಫ್ರೇಮುಗಳಲ್ಲಿ ಎರಡರ ನಡುವೆ ಗಾಜಿನ ನಾರಿನ ಪದರ ಇಟ್ಟು ಇದನ್ನು ತಡೆಯುತ್ತಾರೆ. ಆದರೂ ಮಂಗಳೂರು, ಉಡುಪಿ ಕಡೆಯಿಂದ ಬರುವ ಸೈಕಲ್‌ಗಳಲ್ಲಿ ಇದನ್ನು ನಾನು ಮೊದಲೇ ನಿರೀಕ್ಷಿಸುತ್ತೇನೆ. ಮ್ಯೂನಿಕ್‌ನಲ್ಲಿ ಸಮುದ್ರ ಇಲ್ಲ ಬಿಡಿ. ಆದರೆ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಅಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಇನ್ನೊಂದು, ಮನೆಯೊಳಗೆ ಟ್ರೇನರ್ ಮೇಲೆ ನಿಲ್ಲಿಸಿ ತುಳಿದಿದ್ದಾನಾ ಕೇಳಿ. ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್ ಮೇಲೆ ಗಂಟೆಗಟ್ಟಲೆ ತೊಟ್ಟಿಕ್ಕುವ ಬೆವರು ಮಾಡುವ ಹಾಳು ಮಳೆ ಕೂಡ ಮಾಡುವುದಿಲ್ಲ.

ಇನ್ನು ‘ಅಂಟಿಸಿದ್ದು ಹಳೇ ಕಾಲದ್ದು’ ಅನ್ನುವ ಮಾತು. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಇದು ನನಗೆ ಇಷ್ಟದ ವಿಷಯ, ಉದ್ದವಾದರೆ ಸಹಿಸಿಕೊಳ್ಳಿ.

ಕಾರ್ಬನ್‌ನಲ್ಲಿ ಇಟಲಿಯವರು ಮೊದಲಿಗರಲ್ಲ. 1986ರ ಟೂರ್ ಡಿ ಫ್ರಾನ್ಸನ್ನು ಗ್ರೆಗ್ ಲೆಮಾಂಡ್ ಗೆದ್ದದ್ದು ಫ್ರಾನ್ಸಿನ ಲುಕ್ ಕಂಪನಿಯ ಕಾರ್ಬನ್ ಸೈಕಲ್ ಮೇಲೆ. ಇಟಲಿಯವರು ಆಗ ಉಕ್ಕಿನಲ್ಲಿ ಮುಳುಗಿದ್ದರು. ಮಿಲಾನ್ ಹತ್ತಿರದ ಕಂಬ್ಯಾಗೊ ಊರಿನ ಎರ್ನೆಸ್ತೊ ಕೊಲ್ನಾಗೊ ಅದೇ ಹೊತ್ತಿಗೆ ಫೆರಾರಿ ಕಾರು ಕಂಪನಿಯ ಬಾಗಿಲು ತಟ್ಟಿದರು. ಓಟದ ಕಾರಿನವರಿಗೆ ಕಾರ್ಬನ್ ಗೊತ್ತಿತ್ತು, ಇವರಿಗೆ ಸೈಕಲ್ ಗೊತ್ತಿತ್ತು. ಮುಂದಕ್ಕೆ ಬಾಗಿದ ಫೋರ್ಕ್ ಬದಲು ನೆಟ್ಟಗಿನ ಫೋರ್ಕ್ ಹಾಕುವ ಯೋಚನೆಯೂ ಆ ಸಹವಾಸದಿಂದಲೇ ಬಂತು ಅಂತ ಕೊಲ್ನಾಗೊ ಹೇಳಿಕೊಂಡಿದ್ದಾರೆ. ಕೆಲವು ಪ್ರಯೋಗಗಳಾದ ಮೇಲೆ 1994ರಲ್ಲಿ ಕಂಪನಿಗೆ ನಲವತ್ತು ತುಂಬಿದಾಗ ಸಿ40 ಬಂತು. ಕಾರ್ಬನ್ ಕೊಳವೆಗಳು, ಅವು ಸೇರುವ ಮೂಲೆಗಳಲ್ಲಿ ಕಾರ್ಬನ್‌ನದೇ ಲಗ್, ಅಂದರೆ ಕೊಳವೆಗಳ ತುದಿ ಕೂರುವ ತೋಳು. ಎರಡನ್ನೂ ಎಪಾಕ್ಸಿಯಲ್ಲಿ ಕೂಡಿಸುವುದು. ಉಕ್ಕಿನ ಫ್ರೇಮಿಗೆ ಲಗ್ ಹಾಕಿ ಬೆಸೆಯುತ್ತಿದ್ದವರೇ ಇದನ್ನೂ ಮಾಡಿದರು. ಕೈಯ ಪಳಗು ಅದೇ, ವಸ್ತು ಬೇರೆ.

ಆಗಲೂ ಜನ ನಿಮ್ಮ ಗೆಳೆಯರ ಹಾಗೆಯೇ ಹೆದರಿದ್ದರು. 1995ರ ಪ್ಯಾರಿಸ್-ರೂಬೆ ಓಟಕ್ಕೆ ಮಪೇಯ್ ತಂಡ ಸಿ40 ಇಳಿಸಲು ಹೊರಟಿತು. ಆ ಓಟ ಗೊತ್ತಲ್ಲ, ಐವತ್ತು ಕಿಲೋಮೀಟರಿನಷ್ಟು ದೂರ ಕಲ್ಲು ಹಾಸಿದ ಹಳ್ಳಿ ದಾರಿ, ನಮ್ಮ ಕಿತ್ತುಹೋದ ರಸ್ತೆಯೇ ಮೇಲು. ತಂಡದ ಒಡೆಯ ಜಾರ್ಜೊ ಸ್ಕ್ವಿಂಜಿಗೆ ಗಾಬರಿ. ಸೈಕಲ್ ಮುರಿದು ಹುಡುಗರಿಗೆ ಏನಾದರೂ ಆದರೆ? ಕೊಲ್ನಾಗೊ ಮಾತ್ರ ಪಟ್ಟು ಬಿಡಲಿಲ್ಲ. ಫ್ರಾಂಕೊ ಬಲ್ಲೆರಿನಿ ಗೆದ್ದರು. ಮರುವರ್ಷ ಮೊದಲ ಮೂರೂ ಸ್ಥಾನ ಅದೇ ತಂಡಕ್ಕೆ, 1998 ಮತ್ತು 1999ರಲ್ಲೂ ಗೆಲುವು ಅವರದ್ದೇ. ಕಾರ್ಬನ್ ಪುಡಿಯಾಗುತ್ತದೆ ಅನ್ನುವ ಮಾತು ಓಟದವರ ನಡುವೆ ಅಲ್ಲಿಗೆ ನಿಂತಿತು. ನಮ್ಮ ರೈಡ್ ಗುಂಪುಗಳಿಗೆ ಸುದ್ದಿ ಇನ್ನೂ ತಲುಪಿಲ್ಲ ಅಷ್ಟೆ.

ಸಿ40 ಆದ ಮೇಲೆ 2004ರಲ್ಲಿ ಸಿ50, 2010ರಲ್ಲಿ ನಿಮ್ಮ ಭಾವಮೈದನ ಸಿ59. 2011ರ ಟೂರ್‌ನಲ್ಲಿ ಫ್ರಾನ್ಸಿನ ತೊಮಾ ವೊಕ್ಲೇರ್ ಹತ್ತು ದಿನ ಮುಂದಿರುವವನ ಗುರುತಿನ ಹಳದಿ ಅಂಗಿ ತೊಟ್ಟು, ಕೊನೆಗೆ ನಾಲ್ಕನೆಯವರಾಗಿ ಮುಗಿಸಿದ್ದು ಇದೇ ಸಿ59 ಮೇಲೆ. ಆಮೇಲೆ 2014ರಲ್ಲಿ ಸಿ60, 2018ರಲ್ಲಿ ಸಿ64, 2022ರಲ್ಲಿ ಸಿ68. ಕೊನೆಯದನ್ನು ದೂರದಿಂದ ನೋಡಿದರೆ ಒಂದೇ ಅಚ್ಚಿನದ್ದು ಅನಿಸುತ್ತದೆ, ಹತ್ತಿರ ಹೋದರೆ ತುಂಡು ತುಂಡು ಕೂಡಿಸಿದ್ದೇ.

ಹೀಗೆ ಕೂಡಿಸುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕೊಳವೆ ಉದ್ದ ಕಡಿಮೆ ಜಾಸ್ತಿ ಮಾಡಿ ಹೆಚ್ಚು ಅಳತೆಗಳಲ್ಲಿ ಫ್ರೇಮ್ ಕೊಡಬಹುದು. ಒಂದೇ ಅಚ್ಚಿನ ಮಾನೊಕಾಕ್‌ನಲ್ಲಿ ಪ್ರತಿ ಅಳತೆಗೂ ದುಬಾರಿ ಅಚ್ಚು ಬೇಕು. ಅನನುಕೂಲ ಅಂದರೆ ತೂಕ. ಕೊಳವೆ ಮತ್ತು ಲಗ್ ಒಂದರ ಮೇಲೊಂದು ಕೂರುವ ಕಡೆ ವಸ್ತು ಎರಡು ಪಟ್ಟು. ಗಾಳಿ ಸೀಳುವ ಆಕಾರ ಕೊಡುವುದೂ ಕಷ್ಟ. ಓಟದ ತಂಡಗಳು ಅಚ್ಚಿನ ಕಡೆ ಹೋದದ್ದು ಇದಕ್ಕೇ. 2020ರಲ್ಲಿ ತದೇಯ್ ಪೊಗಾಚಾರ್ ಟೂರ್ ಗೆದ್ದದ್ದು ಕೊಲ್ನಾಗೊದ ವಿ3ಆರ್‌ಎಸ್ ಮೇಲೆ, ಅದು ಸಿ ಸಾಲಿನದ್ದಲ್ಲ, ಅಚ್ಚಿನ ಫ್ರೇಮ್. ಕೊಲ್ನಾಗೊ ಸೈಕಲ್‌ಗೆ ಅದೇ ಮೊದಲ ಟೂರ್ ಗೆಲುವು. ಅಷ್ಟು ವರ್ಷ ಕಾದಿದ್ದರು ಪಾಪ.

ಆದ್ದರಿಂದ ಓಟ ಗೆಲ್ಲಬೇಕಾದವನಿಗೆ ಲಗ್ ಹಳತು. ಭಾನುವಾರ ಚಾಮುಂಡಿ ಬೆಟ್ಟ ಹತ್ತುವವನಿಗೆ ಆ ಇನ್ನೂರು ಮುನ್ನೂರು ಗ್ರಾಂ ದೊಡ್ಡದಲ್ಲ. ನನ್ನ ಅನುಭವ ಕೇಳಿದರೆ ಇನ್ನೊಂದು ಮಾತು. ಈಗಿನ ಫ್ರೇಮುಗಳು 800 ಗ್ರಾಂ ಆಸುಪಾಸಿಗೆ ಇಳಿದಿವೆ. ಕೆಲವದರ ಮೇಲಿನ ಅಡ್ಡ ಕೊಳವೆ, ಅಂದರೆ ಟಾಪ್ ಟ್ಯೂಬ್, ಹೆಬ್ಬೆರಳಲ್ಲಿ ಒತ್ತಿದರೆ ಕೊಂಚ ಒಳಗೆ ಹೋಗುತ್ತದೆ. ಸಿ59 ಕಾಲದ ಕೊಳವೆಗಳು ದಪ್ಪ. ರೈಲಿನಲ್ಲಿ, ಕಾರಿನ ಡಿಕ್ಕಿಯಲ್ಲಿ ಎತ್ತಿಹಾಕುವ ನಮ್ಮಂಥವರಿಗೆ ಆ ದಪ್ಪ ಒಳ್ಳೆಯದೇ.

ಹೆಸರಿನ ಪಕ್ಕ ಬರುವ ಅಂಕಿಗಳಿಗೂ ಮರುಳಾಗಬೇಡಿ. ತ್ರೆವೀಸೊದ ಪಿನರೆಲ್ಲೊ ಕಂಪನಿ ಡಾಗ್ಮಾ ಅನ್ನುವ ಹೆಸರನ್ನು ಮೊದಲು 2002ರಲ್ಲಿ ಮೆಗ್ನೀಸಿಯಂ ಫ್ರೇಮಿಗೆ ಇಟ್ಟಿತ್ತು. ಆಮೇಲೆ ಕಾರ್ಬನ್‌ಗೆ ಬಂದು ಡಾಗ್ಮಾ 60.1 ಮಾಡಿದರು. 60 ಅಂದರೆ ನಾರಿನ ಬಿಗುವಿನ ಅಳತೆ, 1 ಅಂದರೆ ಒಂದು ಎಳೆಯಲ್ಲಿ ಸಾವಿರ ನಾರು. ಚೈನ್ ಬಲಗಡೆ ಎಳೆಯುತ್ತದೆ ಅಂತ ಫ್ರೇಮಿನ ಎಡಬಲವನ್ನೇ ಬೇರೆ ಬೇರೆ ಆಕಾರ ಮಾಡಿದ್ದು ಅದರ ಜಾಣತನ. ಆದರೆ ಬಿಗುವು ಜಾಸ್ತಿ ಆದಷ್ಟೂ ನಾರು ಪೆಡಸು. ಜಪಾನಿನ ತೊರೆ ಕಂಪನಿಯ ಟಿ700 ನಾರು ಮುರಿಯುವ ಮುನ್ನ ಶೇ. 2.1ರಷ್ಟು ಹಿಗ್ಗುತ್ತದೆ. ಅದಕ್ಕಿಂತ ಬಹಳ ಬಿಗುವಾದ ಎಂ40ಜೆ ಹಿಗ್ಗುವುದು ಶೇ. 1.2 ಮಾತ್ರ. ಹಾಗಾಗಿ ಯಾವ ಫ್ರೇಮನ್ನೂ ಪೂರ್ತಿ ಬಿಗುವಿನ ನಾರಲ್ಲೇ ಮಾಡುವುದಿಲ್ಲ. ಎಲ್ಲಿ ಯಾವುದು, ಯಾವ ಕೋನದಲ್ಲಿ ಅನ್ನುವುದರಲ್ಲೇ ಕಸುಬು ಇರುವುದು.

ಇಲ್ಲಿಗೆ ನಿಮ್ಮ ಎರಡನೇ ಗೆಳೆಯರ ಮಾತು ತಾನಾಗಿ ಬಂತು. ಇಟಲಿಯ ಫ್ರೇಮ್ ಅಂದರೆ ಏನು? ನಾರು ಬಹುಪಾಲು ಜಪಾನಿನದು. ಪಿನರೆಲ್ಲೊದ ಡಾಗ್ಮಾಗಳು ಅಚ್ಚಿನಿಂದ ಹೊರಬರುವುದು ಏಷ್ಯಾದಲ್ಲಿ, ವಿನ್ಯಾಸ ಮಾಡುವುದು, ಬಣ್ಣ ಹಚ್ಚುವುದು ಇಟಲಿಯಲ್ಲಿ. ಕೊಲ್ನಾಗೊದ ವಿ ಸಾಲಿನದ್ದೂ ಏಷ್ಯಾದ್ದೇ. ಒಡೆತನ ನೋಡಿದರೆ ಇನ್ನೂ ತಮಾಷೆ. ಕೊಲ್ನಾಗೊದ ಹೆಚ್ಚಿನ ಪಾಲು 2020ರಿಂದ ಅಬುಧಾಬಿಯವರದ್ದು, ಇಟಲಿಯ ಇನ್ನೊಂದು ಹಳೆಯ ಸೈಕಲ್ ಕಂಪನಿ ಬಿಯಾಂಕಿ ಸ್ವೀಡನ್ನಿನವರ ಕೈಲಿದೆ. ಆದರೆ ನಿಮ್ಮ ಗೆಳೆಯರು ತಪ್ಪಿದ್ದು ಸಿ ಸಾಲಿನ ವಿಷಯದಲ್ಲಿ. ಅದನ್ನು ಇಟಲಿಯಲ್ಲೇ ಕೂಡಿಸುತ್ತಾರೆ. ವೆನಿಸ್ ಹತ್ತಿರದ ಸಾರ್ತೊ ಕುಟುಂಬದಂಥ ಕೆಲವರು ಇವತ್ತಿಗೂ ಗಿರಾಕಿಯ ಅಳತೆಗೆ ಕೊಳವೆ ಕತ್ತರಿಸಿ ಅಲ್ಲೇ ಮಾಡುತ್ತಾರೆ.

ಹಾಗಂತ ತೈವಾನಿನದ್ದು ಕಳಪೆ ಅಂದುಕೊಳ್ಳಬೇಡಿ. ಅಚ್ಚಿನ ಕೆಲಸದಲ್ಲಿ ಅವರಷ್ಟು ಪಳಗಿದವರು ಯುರೋಪಿನಲ್ಲಿ ಕಡಿಮೆ. ನಾನು ಕತ್ತರಿಸಿ ನೋಡಿದ ಫ್ರೇಮುಗಳಲ್ಲಿ ಒಳಗೋಡೆ ಕನ್ನಡಿಯಂತೆ ಇದ್ದವು ತೈವಾನಿನವೇ. ಇಟಲಿಯ ಹಳೆಯ ಕೆಲವದರ ಒಳಗೆ ಸುಕ್ಕು, ಹೆಚ್ಚುವರಿ ಅಂಟಿನ ಗಡ್ಡೆ ಎಲ್ಲಾ ಇತ್ತು. ನೀವು ಇಟಲಿಗೆ ಕೊಡುವ ಜಾಸ್ತಿ ದುಡ್ಡು ಬಣ್ಣಕ್ಕೆ, ಅಳತೆಗೆ, ಆ ಕಥೆಗೆ. ಅದು ಆಸೆಯ ಬೆಲೆ. ಆಸೆ ತಪ್ಪಲ್ಲ, ಅದನ್ನು ಗುಣಮಟ್ಟದ ಬೆಲೆ ಅಂದುಕೊಳ್ಳಬೇಡಿ ಅಷ್ಟೆ. ನಕಲಿ ಫ್ರೇಮಿನ ಕಾಟ ನಿಮಗಿಲ್ಲ. ಮನೆಯವನೇ ಹೊಸದಾಗಿ ಕೊಂಡದ್ದು, ಬಿಲ್ ಇದೆಯಾ ಕೇಳಿ, ಮುಗಿಯಿತು.

ಈಗ ಆ ಬಿದ್ದ ವಿಷಯ. ಮೂರು ಬಗೆಯ ಬೀಳುವಿಕೆ ನನ್ನ ಹತ್ತಿರ ಬರುತ್ತದೆ. ನಿಂತಲ್ಲೇ ಪಕ್ಕಕ್ಕೆ ವಾಲಿ ಬಿದ್ದರೆ ಹ್ಯಾಂಡಲ್ ಗಿರಕ್ಕನೆ ತಿರುಗಿ ಟಾಪ್ ಟ್ಯೂಬಿಗೆ ಬಡಿಯುತ್ತದೆ. ಬ್ರೇಕ್ ಲಿವರ್ ತಾಗುವ ಆ ಜಾಗವನ್ನು ನೋಡಬೇಕು. ಜಾರಿ ಬಿದ್ದರೆ, ಅದೂ ಬಲಕ್ಕೆ ಬಿದ್ದರೆ, ಹಿಂದೆ ಗೇರ್ ಬದಲಿಸುವ ಡಿರೇಲರ್ ಕೂರುವ ಮೂಲೆ. ಮುಂದೆ ಏನಕ್ಕಾದರೂ ಗುದ್ದಿದ್ದರೆ ಕೆಳಗಿನ ಓರೆ ಕೊಳವೆಯಾದ ಡೌನ್ ಟ್ಯೂಬಿನ ತಳಭಾಗ, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನಿಂದ ನಾಲ್ಕು ಬೆರಳು ಹಿಂದೆ, ಮತ್ತು ಹೆಡ್ ಟ್ಯೂಬಿನೊಳಗೆ ಹೋಗುವ ಫೋರ್ಕಿನ ಕೊಳವೆ, ಅಂದರೆ ಸ್ಟೀರರ್. ಮೊದಲೆರಡು ರಿಪೇರಿ ಆಗುತ್ತದೆ. ಹಾಳಾದ ಪದರ ಉಜ್ಜಿ ತೆಗೆದು, ಇಳಿಜಾರಾಗಿ ಹೊಸ ಪದರ ಕೂರಿಸಿ, ಬಿಸಿ ಮಾಡಿ ಗಟ್ಟಿ ಮಾಡುತ್ತೇವೆ. ಫೋರ್ಕ್ ರಿಪೇರಿಯನ್ನು ನಾನು ಮುಟ್ಟುವುದಿಲ್ಲ. ಅದು ಮುರಿದರೆ ಮುಖ ನೆಲಕ್ಕೆ, ಎಷ್ಟೇ ದುಡ್ಡು ಕೊಟ್ಟರೂ ಬೇಡ. ಈ ಫ್ರೇಮಿಗೆ ಹೊಂದುವ ಕಂಪನಿಯದೇ ಫೋರ್ಕ್ ಈಗ ಸುಲಭಕ್ಕೆ ಸಿಗುವುದೂ ಇಲ್ಲ.

ನಾಣ್ಯದಿಂದ ತಟ್ಟಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಟಣ್ ಅಂದರೆ ಸರಿ, ಡಬ್ ಅಂದರೆ ಪದರ ಬಿಟ್ಟಿದೆ. ಆದರೆ ಲಗ್ ಇರುವ ಫ್ರೇಮಿನಲ್ಲಿ ಇದು ಮೋಸ ಮಾಡುತ್ತದೆ. ಲಗ್ ಹತ್ತಿರ ದಪ್ಪ ಜಾಸ್ತಿ ಇರುವುದರಿಂದ ಸದ್ದು ಹೇಗೂ ಬದಲಾಗುತ್ತದೆ, ಜನ ಸುಮ್ನೆ ಹೆದರುತ್ತಾರೆ. ಎಡಗಡೆಯ ಸದ್ದನ್ನು ಬಲಗಡೆಯ ಅದೇ ಜಾಗದ ಸದ್ದಿನೊಂದಿಗೆ ಹೋಲಿಸಿ. ಅನುಮಾನ ಬಂದರೆ ಅಲ್ಟ್ರಾಸೌಂಡ್ ಮಾಡಿಸಬೇಕು. ವಿಮಾನದ ಕಾರ್ಬನ್ ಭಾಗಗಳನ್ನು ಪರೀಕ್ಷಿಸುವುದೂ ಹೀಗೆಯೇ. ಬೆಂಗಳೂರಿನಲ್ಲಿ ವಿಮಾನದ ಕೆಲಸ ಇರುವುದರಿಂದ ಇದು ಬಲ್ಲವರು ಇದ್ದಾರೆ, ಆದರೆ ನಿಮ್ಮ ಫ್ರೇಮ್ ಇಲ್ಲಿಗೆ ಬಂದ ಮೇಲೆ ಮಾಡಿಸಿ ಏನು ಬಂತು? ಮ್ಯೂನಿಕ್‌ನಲ್ಲೇ ಮಾಡಿಸಿ. ಜರ್ಮನಿಯಲ್ಲಿ ಕಾರ್ಬನ್ ಫ್ರೇಮ್ ಪರೀಕ್ಷಿಸಿ ಬರೆದುಕೊಡುವವರು ಇದ್ದಾರೆ. ಖರ್ಚು ನೀವೇ ಕೊಡುತ್ತೇನೆ ಅನ್ನಿ, ನೆಂಟಸ್ತನವೂ ಉಳಿಯುತ್ತದೆ.

ಎಲ್ಲಾ ಸರಿ ಇದ್ದರೆ ತಗೊಳ್ಳಬಹುದು, ಆದರೆ ಗೊತ್ತಿದ್ದು ತಗೊಳ್ಳಿ. ಆ ಕಾಲದ ರಿಮ್ ಬ್ರೇಕ್, ಅಂದರೆ ಚಕ್ರದ ಅಂಚನ್ನೇ ಹಿಡಿಯುವ ಬ್ರೇಕಿನ ಫ್ರೇಮುಗಳು 23 ಅಥವಾ 25 ಎಂ.ಎಂ. ಟೈರಿಗೆ ಮಾಡಿದವು. ಈಗ ಹೊಸ ಸೈಕಲ್‌ಗಳಲ್ಲಿ 30, 32 ಸಲೀಸಾಗಿ ಹಿಡಿಯುತ್ತದೆ. ನಮ್ಮ ರಸ್ತೆಗೆ ಇದು ಫ್ರೇಮಿನ ಹೆಸರಿಗಿಂತ ದೊಡ್ಡ ವಿಷಯ. ನಿಮ್ಮ ಮೂರನೇ ಗೆಳೆಯರು ಲಗ್ ಅಂದದ್ದು ತಪ್ಪು, ಟೈರ್ ಅಂದಿದ್ದರೆ ಗೆಲ್ಲುತ್ತಿದ್ದರು. ಬೆಟ್ಟ ಇಳಿಯುವಾಗ, ಅದೂ ಮಳೆಯಲ್ಲಿ, ಡಿಸ್ಕ್ ಬ್ರೇಕಿನ ಸಮಾಧಾನ ರಿಮ್ ಬ್ರೇಕಿಗೆ ಬರುವುದಿಲ್ಲ. ಕಾರ್ಬನ್ ರಿಮ್ ಜೊತೆಗಂತೂ ಬೇಡವೇ ಬೇಡ, ಬ್ರೇಕಿನ ಬಿಸಿಗೆ ರಿಮ್ಮಿನ ಅಂಟು ಮೆತ್ತಗಾಗಿ ಉಬ್ಬಿದ್ದನ್ನು ಕಂಡಿದ್ದೇನೆ. ಅಲ್ಯೂಮಿನಿಯಂ ರಿಮ್ ಹಾಕಿಕೊಳ್ಳಿ. ನಿಮ್ಮ ಈಗಿನ ಸೈಕಲ್ ರಿಮ್ ಬ್ರೇಕಿನದ್ದಾದರೆ ಗೇರು, ಬ್ರೇಕು, ಚಕ್ರ ಬಹುಮಟ್ಟಿಗೆ ಇದಕ್ಕೇ ಬರುತ್ತದೆ, ಆಗ ಲೆಕ್ಕ ನಿಮ್ಮ ಕಡೆಗೆ ವಾಲುತ್ತದೆ. ಡಿಸ್ಕಿನದ್ದಾದರೆ ಎಲ್ಲಾ ಹೊಸದು ಕೊಳ್ಳಬೇಕು, ಒಂದೂವರೆ ಲಕ್ಷ ಎರಡೂವರೆಗೆ ಹೋಗಿ ನಿಲ್ಲಬಹುದು. ಅದರ ಮೇಲೆ ಕಸ್ಟಮ್ಸ್ ಎಷ್ಟು ಅಂತ ತರಿಸುವ ಮುಂಚೆ ವಿಚಾರಿಸಿ. ಎರಡನೇ ಮಾಲೀಕನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ ಅನ್ನುವುದೂ ತಲೆಯಲ್ಲಿರಲಿ.

ಬಾಟಮ್ ಬ್ರಾಕೆಟ್ ಇಟಾಲಿಯನ್ ಥ್ರೆಡ್ಡೋ, ಇಂಗ್ಲಿಷ್ ಥ್ರೆಡ್ಡೋ ಕೇಳಿ. ಇಟಾಲಿಯನ್ ಆದರೆ ಅಗಲ 70 ಎಂ.ಎಂ., ಎರಡೂ ಕಡೆ ಒಂದೇ ದಿಕ್ಕಿಗೆ ಬಿಗಿಯುತ್ತದೆ. ಬಲಗಡೆಯದು ತುಳಿಯುತ್ತಾ ತುಳಿಯುತ್ತಾ ಸಡಿಲಾಗುವ ಸ್ವಭಾವ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಗ್ಲಿಷ್ ಥ್ರೆಡ್ಡಿನ ಬೇರಿಂಗ್ ಕಪ್, ಅದನ್ನು ಬಲವಂತವಾಗಿ ತುರುಕಲು ಬಿಡಬೇಡಿ.

ಬಲವಂತದ ಮಾತು ಬಂದದ್ದಕ್ಕೆ ನನ್ನದೇ ಒಂದು ಹಳೆಯ ತಪ್ಪು ಹೇಳುತ್ತೇನೆ. ಶುರುವಿನ ದಿನಗಳಲ್ಲಿ ಗಿರಾಕಿಯೊಬ್ಬರ ಇಟಲಿ ಫ್ರೇಮಿನಲ್ಲಿ ಸೀಟ್‌ಪೋಸ್ಟ್ ಜಾರುತ್ತಿತ್ತು. ಉಕ್ಕಿನ ಸೈಕಲ್ ಅಭ್ಯಾಸದ ಕೈ, ಇನ್ನೊಂದು ಸುತ್ತು, ಮತ್ತೊಂದು ಸುತ್ತು ಬಿಗಿದೆ. ಚಟ್ ಅಂತು. ಸೀಟ್ ಟ್ಯೂಬಿನ ಮೇಲ್ಭಾಗ ಸೀಳಿತ್ತು. ಅಲ್ಲಿಗೆ ಬೇಕಿದ್ದದ್ದು 5 ನ್ಯೂಟನ್ ಮೀಟರ್ ಬಿಗಿತ ಮತ್ತು ಸ್ವಲ್ಪ ಕಾರ್ಬನ್ ಪೇಸ್ಟ್. ಆ ಪೇಸ್ಟಿನಲ್ಲಿ ಸಣ್ಣ ಮರಳಿನಂಥ ಕಾಳು ಇರುತ್ತದೆ, ಜಾರಲು ಬಿಡುವುದಿಲ್ಲ. ಕೈಯಿಂದ ದುಡ್ಡು ಕಟ್ಟಿಕೊಟ್ಟೆ. ಮರುದಿನವೇ ಬಿಗಿತ ಅಳೆಯುವ ಟಾರ್ಕ್ ರೆಂಚ್ ಕೊಂಡೆ. ನೀವು ಮೊದಲೇ ಕೊಂಡುಬಿಡಿ.

ಇನ್ನು ನೀವು ಬರೆಯದೇ ಬಿಟ್ಟದ್ದು ಒಂದಿದೆ. ಭಾವಮೈದ ನಿಮ್ಮಷ್ಟೇ ಎತ್ತರವಾ? ಅಳತೆ ಹೊಂದದಿದ್ದರೆ ಇಷ್ಟೂ ಮಾತು ದಂಡ. ಕೊಲ್ನಾಗೊದಲ್ಲಿ 50ಎಸ್ ಅಂತ ಬರೆದದ್ದು ಬೇರೆ ಕಂಪನಿಯ 50ಕ್ಕಿಂತ ದೊಡ್ಡದು. ಅಂಕಿ ನಂಬಬೇಡಿ. ಟಾಪ್ ಟ್ಯೂಬಿನ ಅಡ್ಡ ಉದ್ದ, ಹೆಡ್ ಟ್ಯೂಬಿನ ಎತ್ತರ ಟೇಪ್ ಹಿಡಿದು ಅಳೆದು ಕಳಿಸಲು ಹೇಳಿ, ನಿಮ್ಮ ಈಗಿನ ಸೈಕಲ್ ಜೊತೆ ಹೋಲಿಸಿ.

ನಾನು ನಿಮ್ಮ ಜಾಗದಲ್ಲಿದ್ದರೆ? ದಿನವೂ ಓಡಿಸಲು ಇದೊಂದೇ ಸೈಕಲ್ ಅಂತಾದರೆ ಹೊಸ ಡಿಸ್ಕ್ ಬ್ರೇಕಿನದ್ದು ತಗೊಳ್ಳುತ್ತಿದ್ದೆ. ಅಲ್ಯೂಮಿನಿಯಂ ಸೈಕಲ್ ಇಟ್ಟುಕೊಂಡು ಇದನ್ನು ಭಾನುವಾರಕ್ಕೆ ಅಂತಾದರೆ, ಪರೀಕ್ಷೆಯ ಚೀಟಿ ಕೈಗೆ ಬಂದ ದಿನ ದುಡ್ಡು ಕಳಿಸುತ್ತಿದ್ದೆ. ಪರೀಕ್ಷೆ ಬೇಡ, ಏನೂ ಆಗಿಲ್ಲ ಅಂತಲೇ ಆತ ಹಟ ಹಿಡಿದರೆ ಬಿಟ್ಟುಬಿಡಿ.

ಸದ್ಯಕ್ಕೆ ಅವನಿಗೆ ಒಂದೇ ಕೆಲಸ ಹೇಳಿ. ಸೀಟ್‌ಪೋಸ್ಟ್ ಹೊರಗೆ ತೆಗೆದು ಫೋಟೊ ಕಳಿಸಲಿ. ಬರಲಿಲ್ಲ ಅಂದರೆ ಸುತ್ತಿಗೆ ಹಿಡಿಯಬೇಡ ಅನ್ನಿ, ನನಗೆ ಮತ್ತೆ ಬರೆಯಿರಿ, ಬೆಲೆಯ ಮಾತು ಆಮೇಲೆ ಆಡೋಣ.